ಹಳೇ ಎಂಟಿಬಿಗೆ ಒಂದೇ ಗೇರು, ಗಟ್ಟಿ ಫೋರ್ಕ್: ಎಲ್ಲಿಂದ ಶುರು ಮಾಡಲಿ?

ಕೆಸರುಗಾಲು:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 26 ಇಂಚಿನ ಹಳೆಯ ಮೌಂಟನ್ ಬೈಕ್ ಇದೆ. ಸ್ಟೀಲ್ ಫ್ರೇಮ್, ಇನ್ನೂ ಗಟ್ಟಿಮುಟ್ಟಾಗಿದೆ. ಉಳಿದದ್ದರ ಕಥೆ ಬೇರೆ. ಮುಂದೆ ಮೂರು, ಹಿಂದೆ ಎಂಟು ಗೇರು. ಅದರಲ್ಲಿ ನಾನು ನಿಜವಾಗಿ ಬಳಸುವುದು ನಾಲ್ಕೋ ಐದೋ. ಹಿಂದಿನ ಡಿರೇಲರ್ (ಗೇರು ಬದಲಿಸುವ ತೋಳು) ಒಮ್ಮೆ ಕಲ್ಲಿಗೆ ಬಡಿದು, ಅದನ್ನು ಫ್ರೇಮಿಗೆ ಹಿಡಿದಿರುವ ಹ್ಯಾಂಗರ್ ಒಳಕ್ಕೆ ಬಾಗಿದೆ. ಕೆಸರು ಮೆತ್ತಿಕೊಂಡರೆ ಚೈನ್ ತನಗೆ ಇಷ್ಟ ಬಂದ ಹಲ್ಲಿಗೆ ತಾನೇ ಹೋಗುತ್ತದೆ, ನನ್ನನ್ನು ಕೇಳುವುದಿಲ್ಲ. ಮುಂದಿನ ಸಸ್ಪೆನ್ಷನ್ ಫೋರ್ಕಿನ ಸೀಲ್ ಹೋಗಿ ಎಣ್ಣೆ ಜಿನುಗುತ್ತಿದೆ.

ಸಾಕಾಗಿದೆ. ಎಲ್ಲ ಕಿತ್ತು ಒಂದೇ ಗೇರು, ಸ್ಪ್ರಿಂಗ್ ಇಲ್ಲದ ಗಟ್ಟಿ ಫೋರ್ಕ್ ಹಾಕೋಣ ಅಂತಿದ್ದೇನೆ. ಹತ್ತಿ ಕೂತರೆ ಹೋಗಬೇಕು. ಬಂದ ಮೇಲೆ ಒಂದು ಬಕೆಟ್ ನೀರು ಸುರಿದು ಗೋಡೆಗೆ ಒರಗಿಸಿದರೆ ಕೆಲಸ ಮುಗಿಯಬೇಕು.

ಈಗಿರುವುದು: ಮುಂದೆ 22-32-42, ಹಿಂದೆ 11ರಿಂದ 32 ಹಲ್ಲು. ಎರಡೂ ಕಡೆ ರಿಮ್ ಹಿಡಿಯುವ ವಿ-ಬ್ರೇಕ್. ಫೋರ್ಕ್ 80 ಮಿ.ಮೀ. ಕುಸಿಯುವಂಥದ್ದು. ಮನೆಯಲ್ಲಿ ಅಲೆನ್ ಕೀ ಸೆಟ್, ಚೈನ್ ಬ್ರೇಕರ್ ಇದೆ, ತಾಳ್ಮೆ ಸುಮಾರಾಗಿದೆ. ಎಷ್ಟು ಹಲ್ಲು ಇಡಬೇಕು? ಚೈನ್ ಬಿಗಿ ಹೇಗೆ ಉಳಿಸಿಕೊಳ್ಳುವುದು? ಫೋರ್ಕ್ ಯಾವುದಾದರೂ ನಡೆಯುತ್ತದಾ? ಮಾಡಿ ನೋಡಿದವರು ಹೇಳಿ.

ಇಳಿಜಾರು:

ಗುರುವೇ, ಕೇಳಿದೆ ಅಂತ ಬೇಜಾರಾಗಬೇಡಿ. ಹ್ಯಾಂಗರ್ ನೇರ ಮಾಡಿಸಿ, ಮುಂದೆ ಒಂದೇ ಚೈನ್‌ರಿಂಗ್ (ಪೆಡಲ್ ಕಡೆಯ ಹಲ್ಲುಚಕ್ರ) ಇಟ್ಟು ಹಿಂದಿನ ಎಂಟನ್ನು ಉಳಿಸಿಕೊಳ್ಳಬಾರದಾ? ಮಂಡಿ ನಮ್ಮದೇ ಅಲ್ವಾ. ಏರು ಬಂದಾಗ ಒಂದೇ ಗೇರಿನಲ್ಲಿ ಎದ್ದು ನಿಂತು ತುಳಿಯುವುದು ಇಪ್ಪತ್ತರಲ್ಲಿ ಚೆನ್ನ. ನಾನು ಒಂದು ವರ್ಷ ಓಡಿಸಿ ಬಿಟ್ಟವನು.

ನಟ್ಟುಬೋಲ್ಟು:

ಇಳಿಜಾರು ಹೇಳಿದ್ದರಲ್ಲಿ ಮಂಡಿಯ ಮಾತು ನಿಜ. ಆದರೆ ಮೌಂಟನ್ ಬೈಕ್ ಶುರುವಾಗಿದ್ದೇ ಹೀಗೆ ಅನ್ನುವುದನ್ನು ಮರೆಯಬೇಡಿ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ರೀಪ್ಯಾಕ್ ರೇಸ್ ಶುರು ಮಾಡಿದವರಲ್ಲಿ ಬಹಳ ಜನ ಓಡಿಸುತ್ತಿದ್ದದ್ದು ಒಂದೇ ಗೇರಿನ, ಗಟ್ಟಿ ಫೋರ್ಕಿನ ಭಾರೀ ಹಳೇ ಸೈಕಲ್. ಬ್ರೇಕ್ ಹಿಂದಿನ ಹಬ್ಬಿನೊಳಗೆ. ಒಂದು ಸಲ ಬೆಟ್ಟ ಇಳಿದರೆ ಹಬ್ಬಿನ ಗ್ರೀಸ್ ಸುಟ್ಟು ಹೊಗೆ ಬರುತ್ತಿತ್ತು. ಮತ್ತೆ ಗ್ರೀಸ್ ತುಂಬಬೇಕಾಗುತ್ತಿದ್ದರಿಂದಲೇ ರೇಸಿಗೆ ಆ ಹೆಸರು. ಏರುವಾಗ ಬಹುಪಾಲು ತಳ್ಳಿಕೊಂಡೇ ಹೋಗುತ್ತಿದ್ದರು ಅನ್ನುವುದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇಳಿಜಾರು ಹೇಳುತ್ತಾರೆ.

ಈಗ ಕೆಸರುಗಾಲು ಅವರ ಪ್ರಶ್ನೆಗೆ. ಒಂದು ತಪ್ಪು ತಿಳಿವಳಿಕೆ ನನಗೂ ಇತ್ತು: ಗೇರು ಕಿತ್ತರೆ ಸೈಕಲ್ ತಾನಾಗಿ ನಂಬಿಕಸ್ಥ ಆಗುತ್ತದೆ ಅಂತ. ಆಗುವುದಿಲ್ಲ. ಡಿರೇಲರ್ ಎರಡು ಕೆಲಸ ಮಾಡುತ್ತಿರುತ್ತದೆ. ಗೇರು ಬದಲಿಸುವುದು ಒಂದು, ಚೈನ್ ಜೋಲು ಬೀಳದಂತೆ ಹಿಡಿದಿಡುವುದು ಇನ್ನೊಂದು. ಮೊದಲನೆಯದು ನಮಗೆ ಬೇಡ. ಎರಡನೆಯದನ್ನು ಯಾರು ಮಾಡುತ್ತಾರೆ ಅನ್ನುವುದನ್ನು ಮೊದಲು ತೀರ್ಮಾನಿಸಿ, ಆಮೇಲೆ ಸ್ಪ್ಯಾನರ್ ಮುಟ್ಟಿ.

ನಾನು ಮೊದಲ ಸಲ ಮಾಡಿದ್ದು ಕೇಳಿ. ಮುಂದೆ ಹಳೆಯ ನಡುವಿನ ಚೈನ್‌ರಿಂಗ್, ಹಿಂದೆ ಕ್ಯಾಸೆಟ್ಟಿನಿಂದ (ಹಿಂದಿನ ಹಲ್ಲುಚಕ್ರಗಳ ಕಟ್ಟು) ಕಿತ್ತ ಒಂದು ಹಲ್ಲುಚಕ್ರ, ಚೈನ್ ಕಣ್ಣಂದಾಜಿನಲ್ಲಿ ಬಿಗಿ. ಮೂರನೇ ದಿನ ಒಂದು ಏರಿನಲ್ಲಿ ಎದ್ದು ನಿಂತು ತುಳಿದೆ. ಟಕ್ ಅಂತ ಚೈನ್ ಹಾರಿತು. ಕಾಲ ಕೆಳಗೆ ಏನೂ ಇಲ್ಲದಂತಾಯಿತು. ಮಂಡಿ ಹೋಗಿ ಹ್ಯಾಂಡಲ್ ಸ್ಟೆಮ್ಮಿನ ಬೋಲ್ಟಿಗೆ ಬಡಿಯಿತು. ಆ ಬೋಲ್ಟಿನ ಆರು ಮೂಲೆಯ ಗುಳಿ ಚರ್ಮದ ಮೇಲೆ ಅಚ್ಚೊತ್ತಿದಂತೆ ಒಂದು ವಾರ ಇತ್ತು.

ಆಮೇಲೆ ಬಿಚ್ಚಿ ನೋಡಿದರೆ ತಪ್ಪು ನನ್ನದೇ. ಗೇರು ಸೈಕಲ್ಲಿನ ಚೈನ್‌ರಿಂಗನ್ನೂ ಹಿಂದಿನ ಹಲ್ಲುಚಕ್ರವನ್ನೂ ಮಾಡಿರುವುದೇ ಚೈನ್ ಸುಲಭವಾಗಿ ಕಳಚಿ ಪಕ್ಕಕ್ಕೆ ಹೋಗಲಿ ಅಂತ. ಪಕ್ಕದಲ್ಲಿ ಸಣ್ಣ ಸಣ್ಣ ಇಳಿಜಾರು ಕೊರೆದಿರುತ್ತಾರೆ, ಕೆಲವು ಹಲ್ಲು ಬೇಕಂತಲೇ ಗಿಡ್ಡ. ನಮಗೆ ಬೇಕಾಗಿರುವುದು ಉಲ್ಟಾ. ಸಿಂಗಲ್ ಸ್ಪೀಡಿಗೆ ಅಂತಲೇ ಮಾಡಿದ, ಎಲ್ಲ ಹಲ್ಲೂ ಒಂದೇ ಎತ್ತರ ಇರುವ ಚೈನ್‌ರಿಂಗ್ ಮತ್ತು ಕಾಗ್ (ಹಿಂದಿನ ಹಲ್ಲುಚಕ್ರ) ತನ್ನಿ. ಉಳಿದ ಎಲ್ಲದರಲ್ಲೂ ಹಳೆಯದನ್ನೇ ಬಳಸಿ, ಇಲ್ಲಿ ಮಾತ್ರ ಜಿಪುಣತನ ಬೇಡ.

ಕಾಗ್ ಕೊಳ್ಳುವಾಗ ಇನ್ನೊಂದು ನೋಡಿ. ತೆಳು ತಗಡಿನಂಥದ್ದು ಬೇಡ, ಬುಡ ಅಗಲ ಇರುವುದು ಬೇಕು. ಫ್ರೀಹಬ್ (ಹಿಂದಿನ ಹಬ್ಬಿನಲ್ಲಿ ಕಾಗ್ ಕೂರುವ ಭಾಗ) ಅಲ್ಯೂಮಿನಿಯಂದಾಗಿದ್ದರೆ ತೆಳು ಕಾಗ್ ಅದರ ಗೆರೆಗಳನ್ನು ಉಳಿಯಂತೆ ಕಡಿದು ಒಳಗೆ ಕೂರುತ್ತದೆ. ನನ್ನದನ್ನು ಹೊರಗೆ ತೆಗೆಯಲು ಚೈನ್ ವಿಪ್, ಸುತ್ತಿಗೆ, ಒಂದಿಷ್ಟು ಬೈಗುಳ ಬೇಕಾಯಿತು.

ಎಷ್ಟು ಹಲ್ಲು? ಈಗಲೇ ಏನೂ ಕೊಳ್ಳಬೇಡಿ. ಮುಂದೆ 32, ಹಿಂದೆ 18ಕ್ಕೆ ಹಾಕಿ ಎರಡು ವಾರ ಶಿಫ್ಟರ್ ಮುಟ್ಟದೆ ಓಡಿಸಿ. ನಿಮ್ಮ ಕ್ಯಾಸೆಟ್ಟಿನಲ್ಲಿ 18 ಇರಬೇಕು, ಎಣಿಸಿ ನೋಡಿ. 26 ಇಂಚಿನ ಚಕ್ರಕ್ಕೆ 32:16 ಅನ್ನುವುದು ಹಳೆಯ ರೂಢಿ. ಪೆಡಲ್ ಒಂದು ಸುತ್ತಿಗೆ ಹಿಂದಿನ ಚಕ್ರ ಎರಡು ಸುತ್ತು, ಸೈಕಲ್ ಸುಮಾರು 4.15 ಮೀಟರ್ ಮುಂದೆ. ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ ಸುಮಾರು 20 ಕಿ.ಮೀ. 32:18ರಲ್ಲಿ ಅದೇ ತುಳಿತಕ್ಕೆ 17.7 ಕಿ.ಮೀ. ಸಮತಟ್ಟಿನಲ್ಲಿ ಸ್ವಲ್ಪ ಬೇಜಾರು, ಏರಿನಲ್ಲಿ ಮಂಡಿಗೆ ನೆಮ್ಮದಿ. ಕಲ್ಲು, ಬೇರು ಜಾಸ್ತಿ ಇರುವ ದಾರಿಯಾದರೆ 18ಕ್ಕೇ ನನ್ನ ಓಟು. ದೊಡ್ಡ 29 ಇಂಚಿನ ಚಕ್ರದವರು ಇದನ್ನು ಓದಿ 32:18 ಹಾಕಬೇಡಿ. ನಿಮಗೆ ಅದು 26ರ 32:16ರಷ್ಟೇ ಭಾರ ಆಗುತ್ತದೆ, 20 ಹಲ್ಲು ನೋಡಿ.

ಇನ್ನು ಚೈನ್‌ಲೈನ್. ಮುಂದಿನ ಚೈನ್‌ರಿಂಗ್ ಮತ್ತು ಹಿಂದಿನ ಕಾಗ್ ಒಂದೇ ಗೆರೆಯಲ್ಲಿರಬೇಕು. ಸೀಟ್ ಟ್ಯೂಬಿನ ಬಲಗಡೆಯ ಮೈಯಿಂದ ಚೈನ್‌ರಿಂಗಿನ ಹಲ್ಲಿನವರೆಗೆ ಅಳೆಯಿರಿ. ಟ್ಯೂಬಿನ ಅರ್ಧ ದಪ್ಪವನ್ನು ಸೇರಿಸಿಕೊಳ್ಳಿ. ಅದು 48 ಮಿ.ಮೀ. ಬಂತು ಅಂದುಕೊಳ್ಳಿ. ಹಿಂದೆ ಹಬ್ಬಿನ ಅಗಲ 135 ಮಿ.ಮೀ. ಇದ್ದರೆ ಅರ್ಧ 67.5. ಅದರಲ್ಲಿ 48 ಕಳೆದರೆ 19.5. ಅಂದರೆ ಬಲಗಡೆ ಡ್ರಾಪೌಟಿನ (ಆಕ್ಸೆಲ್ ಕೂರುವ ಫ್ರೇಮಿನ ತುದಿ) ಒಳಮೈಯಿಂದ ಕಾಗಿನ ಹಲ್ಲಿಗೆ 19.5 ಮಿ.ಮೀ. ಇರಬೇಕು. ಒಂದು ಮಿ.ಮೀ. ಆಚೀಚೆ ಆದರೆ ತಲೆ ಹೋಗುವುದಿಲ್ಲ. ಮೂರು ಆದರೆ ಸದ್ದು ಶುರುವಾಗುತ್ತದೆ.

ಅದನ್ನು ಹೊಂದಿಸಲು ಸ್ಪೇಸರ್ ಬೇಕು, ಅದು ನಿಮ್ಮ ಹಳೆಯ ಕ್ಯಾಸೆಟ್ಟಿನಲ್ಲೇ ಇದೆ. ಕಾಗುಗಳನ್ನು ಹಿಡಿದಿರುವ ಉದ್ದ ಪಿನ್ನುಗಳ ತಲೆ ಅರ ಹಾಕಿ ಉಜ್ಜಿದರೆ ಎಲ್ಲ ಬಿಡಿಬಿಡಿಯಾಗಿ ಬರುತ್ತವೆ. ಎಂಟು ಗೇರಿನ ಸ್ಪೇಸರ್ ತಲಾ 3 ಮಿ.ಮೀ. ಕಾಗಿನ ಹಿಂದೆ ಒಂದಿಷ್ಟು, ಮುಂದೆ ಒಂದಿಷ್ಟು, ಮೇಲೆ ಲಾಕ್‌ರಿಂಗ್. ಒಟ್ಟು ಸಾಲು ಫ್ರೀಹಬ್ಬಿನ ಅಂಚಿಗಿಂತ ಕೂದಲೆಳೆಯಷ್ಟು ಹೊರಗಿರಬೇಕು, ಇಲ್ಲದಿದ್ದರೆ ಲಾಕ್‌ರಿಂಗ್ ಹಬ್ಬನ್ನು ಒತ್ತುತ್ತದೆ, ಕಾಗನ್ನಲ್ಲ. ಬಿಗಿ 40 ನ್ಯೂಟನ್ ಮೀಟರ್.

ಮುಂದೆ 22 ಮತ್ತು 42 ತೆಗೆದರೆ ಹಳೆಯ ಬೋಲ್ಟುಗಳು ಉದ್ದವಾಗುತ್ತವೆ. ಒಂದೇ ಚೈನ್‌ರಿಂಗಿನ ಗಿಡ್ಡ ಬೋಲ್ಟ್ ಸಿಗುತ್ತದೆ. ಅಥವಾ 42ರ ಜಾಗಕ್ಕೆ ಬ್ಯಾಶ್ ಗಾರ್ಡ್ (ಹಲ್ಲಿಲ್ಲದ ರಕ್ಷಣೆಯ ಬಳೆ) ಹಾಕಿ. ಹಳೆಯ ಬೋಲ್ಟೂ ನಡೆಯುತ್ತದೆ, ಕಲ್ಲಿಗೆ ಬಡಿದರೆ ಹಲ್ಲೂ ಉಳಿಯುತ್ತದೆ.

ಕೊನೆಗೆ ಒಂದು ಪ್ರಶ್ನೆ, ಇದಕ್ಕೆ ಉತ್ತರ ಹೇಳದೆ ಮುಂದಕ್ಕೆ ಹೋಗಲು ಆಗುವುದಿಲ್ಲ. ಹಿಂದಿನ ಚಕ್ರದ ಆಕ್ಸೆಲ್ ಕೂರುವ ಸೀಳು ನೇರ ಕೆಳಕ್ಕಿದೆಯಾ, ಅಡ್ಡಕ್ಕಿದೆಯಾ?

ಮೂರುಕಡ್ಡಿ:

ಫೋರ್ಕ್ ಬಗ್ಗೆ ನಾನು ಹೇಳುತ್ತೇನೆ, ಇದರಲ್ಲಿ ನನಗೆ ಪೆಟ್ಟು ಬಿದ್ದಿದೆ. ಯಾವುದೋ ಹಳೇ ಗಟ್ಟಿ ಫೋರ್ಕ್ ಸಿಕ್ಕಿತು ಅಂತ ಹಾಕಬೇಡಿ. ಆಕ್ಸೆಲ್ಲಿನ ನಡುವಿನಿಂದ ಫೋರ್ಕಿನ ತಲೆಯ ಮೇಲಿನ ಅಂಚಿನವರೆಗೆ, ಅಂದರೆ ಹೆಡ್‌ಸೆಟ್ಟಿನ ಕೆಳಗಿನ ಬಳೆ ಕೂರುವ ಜಾಗದವರೆಗೆ ಉದ್ದ ಅಳೆಯಿರಿ. 80 ಮಿ.ಮೀ. ಸಸ್ಪೆನ್ಷನ್ ಫೋರ್ಕ್ ಸುಮಾರು 450 ಮಿ.ಮೀ. ಇರುತ್ತದೆ. ನೀವು ಕೂತಾಗ 15-20 ಮಿ.ಮೀ. ಕುಸಿಯುತ್ತದೆ. ಆದ್ದರಿಂದ ನಿಮಗೆ ಬೇಕಾದ ಗಟ್ಟಿ ಫೋರ್ಕ್ 430ರ ಆಸುಪಾಸು. ಸಸ್ಪೆನ್ಷನ್ ಕರೆಕ್ಟೆಡ್, ಅಂದರೆ ಸಸ್ಪೆನ್ಷನ್ ಫೋರ್ಕಿನ ಉದ್ದಕ್ಕೆ ಹೊಂದಿಸಿದ್ದು, ಅಂತ ಕೇಳಿ.

ನಾನು 395ರದ್ದು ಹಾಕಿದ್ದೆ. ಉದ್ದ 20 ಮಿ.ಮೀ. ಕಡಿಮೆಯಾದರೆ ಮುಂಭಾಗ ಸುಮಾರು ಒಂದು ಡಿಗ್ರಿ ನೆಟ್ಟಗಾಗುತ್ತದೆ. ಇಳಿಯುವಾಗ ಸೈಕಲ್ ಹ್ಯಾಂಡಲ್ ಮೇಲಿಂದ ನನ್ನನ್ನು ಎತ್ತಿ ಹಾಕಲು ಕಾಯುತ್ತಿದ್ದ ಹಾಗಿತ್ತು. ಪೆಡಲ್‌ಗಳೂ ಎರಡು ಸೆಂ.ಮೀ. ಕೆಳಗಿಳಿದು ಬೇರಿಗೆಲ್ಲ ಬಡಿಯತೊಡಗಿದವು.

ವಿ-ಬ್ರೇಕ್ ಇರುವುದರಿಂದ ಫೋರ್ಕಿನಲ್ಲಿ ಅದರ ಗೂಟಗಳಿವೆಯಾ ನೋಡಿ. ಈಗ ಬರುವ ಬಹಳಷ್ಟು ಫೋರ್ಕುಗಳಲ್ಲಿ ಡಿಸ್ಕಿಗೆ ಮಾತ್ರ ಜಾಗ. ಸ್ಟೀಯರರ್ (ಫ್ರೇಮಿನೊಳಗೆ ಹೋಗುವ ಫೋರ್ಕಿನ ಮೇಲಿನ ಕೊಳವೆ) ದಪ್ಪವೂ ಮುಖ್ಯ. ನಿಮ್ಮ ಕಾಲದ ಸೈಕಲ್ ಆದರೆ ಒಂದೂ ಒಂದು ಎಂಟನೇ ಇಂಚಿನ ನೇರ ಕೊಳವೆ ಇರುವುದೇ ಹೆಚ್ಚು. ಕತ್ತರಿಸುವಾಗ ಉದ್ದವೇ ಬಿಡಿ. ಸ್ಪೇಸರ್ ಹಾಕಿ ಸರಿದೂಗಿಸಬಹುದು, ಕತ್ತರಿಸಿದ್ದನ್ನು ಅಂಟಿಸಲು ಆಗುವುದಿಲ್ಲ.

ಸ್ಪ್ರಿಂಗಿನ ಕೆಲಸ ಇನ್ನು ಮುಂದಿನ ಟೈರಿನದು. ಫೋರ್ಕಿನಲ್ಲಿ ಜಾಗ ಇದ್ದಷ್ಟು ದಪ್ಪ ಟೈರ್ ಹಾಕಿ. ನಾನು 75 ಕೆ.ಜಿ., 2.35 ಇಂಚಿನ ಟೈರಿಗೆ ಮುಂದೆ 25 ಪಿಎಸ್ಐ, ಹಿಂದೆ 30. ಇನ್ನೂ ಇಳಿಸಿದರೆ ಕಲ್ಲಿನ ಮೇಲೆ ಟ್ಯೂಬ್ ಹಾವು ಕಚ್ಚಿದ ಹಾಗೆ ಎರಡು ತೂತಾಗುತ್ತದೆ. ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುವ ಚಟವಿದ್ದರೆ ಮೊದಲ ವಾರವೇ ಬಿಟ್ಟುಹೋಗುತ್ತದೆ.

ಕೆಸರುಗಾಲು:

ಇಷ್ಟೊಂದು ಬರೆದದ್ದಕ್ಕೆ ಇಬ್ಬರಿಗೂ ದೊಡ್ಡ ನಮಸ್ಕಾರ. ಇಳಿಜಾರು ಅವರೇ, ಮಂಡಿಯ ಮಾತು ತಲೆಯಲ್ಲಿ ಇಟ್ಟುಕೊಂಡಿದ್ದೇನೆ.

ಸೀಳು ನೇರ ಕೆಳಕ್ಕಿದೆ. ಆಕ್ಸೆಲ್ ಹಿಂದೆ ಮುಂದೆ ಒಂದಿಷ್ಟೂ ಸರಿಯುವುದಿಲ್ಲ. ಚೈನ್‌ಸ್ಟೇ (ಕ್ರ್ಯಾಂಕ್ ನಡುವಿನಿಂದ ಹಿಂದಿನ ಆಕ್ಸೆಲ್‌ವರೆಗಿನ ಕೊಳವೆ) 425 ಮಿ.ಮೀ. ಒಬ್ಬರು 'ಮ್ಯಾಜಿಕ್ ಗೇರ್' ಅಂದರು. ಹಲ್ಲಿನ ಲೆಕ್ಕ ಸರಿ ಕೂಡಿಬಂದರೆ ಟೆನ್ಷನರ್ (ಚೈನ್ ಬಿಗಿ ಹಿಡಿಯುವ ಸಲಕರಣೆ) ಇಲ್ಲದೆ ಚೈನ್ ತಾನೇ ಬಿಗಿಯಾಗಿ ಕೂರುತ್ತದಂತೆ. ನೋಡಲು ಬಹಳ ಚೆಂದ. ಅದೇ ಮಾಡಲಾ?

ನಟ್ಟುಬೋಲ್ಟು:

ನೋಡಲು ಚೆಂದ, ಒಪ್ಪಿದೆ. ಲೆಕ್ಕ ಹಾಕಿ ನೋಡೋಣ. ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, 12.7 ಮಿ.ಮೀ. ನಿಮ್ಮ 425ಕ್ಕೆ 32:16 ಹಾಕಿದರೆ 91.1 ಕೊಂಡಿ ಬೇಕು. ಮಾಮೂಲಿ ಚೈನ್ ಸಮ ಸಂಖ್ಯೆಯಲ್ಲಿ ಮಾತ್ರ ಸೇರುತ್ತದೆ, ಅಂದರೆ 90 ಅಥವಾ 92. ಎರಡೂ ಆಗಲಿಲ್ಲ. ಅರ್ಧ ಕೊಂಡಿ ಅಂತ ಬರುತ್ತದೆ, ಅದು ಹಾಕಿ 91 ಮಾಡಿದರೂ ಒಂದೂವರೆ ಮಿ.ಮೀ. ಸಾಲದು.

32:18ಕ್ಕೆ 92.08. ಆಹಾ, ಹತ್ತಿರ ಬಂತು ಅನ್ನಿಸುತ್ತದೆ ಅಲ್ವಾ? 92 ಕೊಂಡಿಯ ಚೈನ್ ಇಲ್ಲಿ ಒಂದು ಮಿ.ಮೀ. ಚಿಕ್ಕದು. ಆಕ್ಸೆಲ್ಲನ್ನು ಅರ ಹಾಕಿ ಅರ್ಧ ಮಿ.ಮೀ. ಮುಂದೆ ತಂದು ಕೂರಿಸುವವರಿದ್ದಾರೆ. ಸರಿ, ಕೂತಿತು ಅಂದುಕೊಳ್ಳಿ. ಆದರೆ ಚೈನ್ ಸವೆಯುತ್ತದಲ್ಲ. ಅರ್ಧ ಶೇಕಡಾ ಸವೆದರೆ 92 ಕೊಂಡಿಯ ಉದ್ದ ಸುಮಾರು 5.8 ಮಿ.ಮೀ. ಜಾಸ್ತಿಯಾಗುತ್ತದೆ. ಕೇಳಲು ಏನೂ ಅಲ್ಲ. ಆದರೆ ಚೈನಿನಲ್ಲಿ ಒಂದೇ ಒಂದು ಮಿ.ಮೀ. ಹೆಚ್ಚಿದ್ದರೂ ನಡುವೆ ಬೆರಳಿಟ್ಟು ಒತ್ತಿದಾಗ ಒಂದು ಬೆರಳಿನ ಅಗಲ ಆಡುತ್ತದೆ. ಐದಾರು ಮಿ.ಮೀ. ಅಂದರೆ ಮೂರು ಸೆಂ.ಮೀ.ಗೂ ಮೀರಿ ಜೋಲು. ಗೇರು ಸೈಕಲ್ಲಿಗೆ ಇನ್ನೂ ಓಡಬಹುದಾದ ಚೈನನ್ನು ನೀವು ಎಸೆಯಬೇಕು. ಕೆಸರಿನಲ್ಲಿ ಓಡಿಸುವವರಿಗೆ ಮ್ಯಾಜಿಕ್ ಬಹಳ ದಿನ ಬಾಳುವುದಿಲ್ಲ.

ಹಾಗಾಗಿ ಟೆನ್ಷನರ್. ಮೊದಲ ತಿಂಗಳಿಗೆ ನಿಮ್ಮ ಹಳೆಯ ಡಿರೇಲರನ್ನೇ ಬಳಸಿ. ಶಿಫ್ಟರ್ ತೆಗೆದು, ಒಂದು ತುಂಡು ಕೇಬಲ್ ಡಿರೇಲರಿನೊಳಗೇ ಬಿಗಿದು, ಪುಟ್ಟ ಚಕ್ರ ಕಾಗಿನ ನೇರ ಕೆಳಗೆ ಬರುವಂತೆ ನಿಲ್ಲಿಸಿ. ಗೇರು ಅಂದಾಜು ಸರಿ ಅನ್ನಿಸಿದ ಮೇಲೆ ಒಂದೇ ಚಕ್ರದ ಟೆನ್ಷನರ್ ಕೊಳ್ಳಿ. ಚೈನನ್ನು ಕೆಳಕ್ಕೆ ಒತ್ತುವುದು ಒಂದು ಬಗೆ, ಮೇಲಕ್ಕೆ ಒತ್ತುವುದು ಇನ್ನೊಂದು. ಮೇಲಕ್ಕೆ ಒತ್ತುವುದು ತನ್ನಿ. ಚೈನ್ ಕಾಗನ್ನು ಜಾಸ್ತಿ ಸುತ್ತಿಕೊಳ್ಳುತ್ತದೆ, ಹೆಚ್ಚು ಹಲ್ಲು ಹಿಡಿಯುತ್ತವೆ, ನನ್ನ ಮಂಡಿಯ ಕಥೆ ನಿಮ್ಮದಾಗುವುದಿಲ್ಲ.

ಆದರೆ ಅದು ಕೂರುವುದು ಅದೇ ಬಾಗಿದ ಹ್ಯಾಂಗರಿನ ಮೇಲೆ! ಹ್ಯಾಂಗರ್ ಓರೆಯಾಗಿದ್ದರೆ ಪುಟ್ಟ ಚಕ್ರವೂ ಓರೆ, ಚೈನ್ ಆ ಕಡೆಗೇ ಇಳಿಯುತ್ತದೆ. ಬಿಚ್ಚಿ ಬದಲಿಸುವಂಥದ್ದಾದರೆ ಹೊಸದು ಹಾಕಿ. ಸ್ಟೀಲ್ ಫ್ರೇಮಿನದೇ ಭಾಗವಾಗಿದ್ದರೆ ಹ್ಯಾಂಗರ್ ನೇರ ಮಾಡುವ ಸಲಕರಣೆ ಇರುವವರ ಹತ್ತಿರ ಮಾಡಿಸಿ. ಗೇರು ಹೋಯಿತು, ಹ್ಯಾಂಗರ್ ಯಾಕೆ ಅಂತ ಬಿಡಬೇಡಿ.

ಟೆನ್ಷನರ್ ನೋಡಲು ಇಷ್ಟವೇ ಇಲ್ಲ ಅಂದರೆ ವೈಟ್ ಇಂಡಸ್ಟ್ರೀಸ್‌ನವರ ಈನೋ ಅನ್ನುವ ಹಬ್ ಇದೆ. ಅದರ ಆಕ್ಸೆಲ್ ನಡುವಿನಿಂದ ಸರಿದಿರುತ್ತದೆ, ತಿರುಗಿಸಿದರೆ ಚಕ್ರ ಹಿಂದೆ ಮುಂದೆ ಆಗುತ್ತದೆ. ಒಳ್ಳೆಯ ಉಪಾಯ. ಪ್ರತಿ ಸಲ ಸರಿಸಿದಾಗ ವಿ-ಬ್ರೇಕ್ ರಬ್ಬರನ್ನೂ ಹೊಂದಿಸಬೇಕು ಅನ್ನುವುದೊಂದು ಕಿರಿಕಿರಿ.

ಸ್ಪ್ರಿಂಗ್ ಇಲ್ಲದೆ ಒಂದೇ ಜಾಗದಲ್ಲಿ ನಿಲ್ಲುವ ಟೆನ್ಷನರ್ ತಂದರೆ ಮಾತ್ರ ಮುಂದೆ ಹೇಳುವುದನ್ನು ಮಾಡಿ. ಯಾವ ಚೈನ್‌ರಿಂಗೂ ನಿಜವಾಗಿ ಪೂರ್ತಿ ದುಂಡಗಿರುವುದಿಲ್ಲ. ಕ್ರ್ಯಾಂಕ್ ನಿಧಾನ ತಿರುಗಿಸಿ. ಒಂದು ಕಡೆ ಚೈನ್ ತಂತಿಯಂತೆ ಬಿಗಿಯಾಗುತ್ತದೆ, ಅರ್ಧ ಸುತ್ತು ಕಳೆದರೆ ಸಡಿಲ. ಬಿಗಿ ಇರುವ ಜಾಗದಲ್ಲಿ ನಿಲ್ಲಿಸಿ ಚೈನ್‌ರಿಂಗ್ ಬೋಲ್ಟುಗಳನ್ನು ಚೂರೇ ಸಡಿಲಿಸಿ. ಸ್ಪ್ಯಾನರಿನ ಹಿಡಿಯಿಂದ ಚೈನ್ ಮೇಲೆ ಮೆಲ್ಲಗೆ ತಟ್ಟಿ. ಚೈನ್‌ರಿಂಗ್ ಕಣ್ಣಿಗೆ ಕಾಣದಷ್ಟು ಸರಿದು ನಡುವಿಗೆ ಬರುತ್ತದೆ, ಬೆರಳಿಗೆ ಮಾತ್ರ ಗೊತ್ತಾಗುತ್ತದೆ. ಮತ್ತೆ ತಿರುಗಿಸಿ, ಮತ್ತೆ ತಟ್ಟಿ. ಸೈಕಲ್ ರಿಪೇರಿ ಬಗ್ಗೆ ಬಹಳ ಬರೆದ ಶೆಲ್ಡನ್ ಬ್ರೌನ್ ಬರೆದಿಟ್ಟ ಉಪಾಯ ಇದು. ನಾನು ಮೊದಲ ಸಲ ಮಾಡುವಾಗ ಒಂದು ಗಂಟೆ ನೆಲದ ಮೇಲೆ ಕೂತಿದ್ದೆ, ಎದ್ದೇಳಲು ಮನಸ್ಸಾಗಲಿಲ್ಲ. ಅತಿ ಬಿಗಿ ಇರುವ ಜಾಗದಲ್ಲೂ ನಡುವೆ 12 ಮಿ.ಮೀ.ನಷ್ಟು ಆಟ ಇರಲಿ.

ಇಳಿಜಾರು:

ಅಡ್ಡ ಸೀಳಿನವರಿಗೆ ಒಂದು ಮಾತು ಸೇರಿಸುತ್ತೇನೆ. ಕ್ವಿಕ್ ರಿಲೀಸ್ (ಸನ್ನೆ ಮಡಚಿ ಚಕ್ರ ಬಿಗಿಯುವುದು) ಆದರೆ ಬಿಗಿ ಮಾಡುವ ಕ್ಯಾಮ್ ಒಳಗಿರುವ ಹಳೇ ಮಾದರಿಯದ್ದೇ ಹಾಕಿ. ಹೊರಗೆ ಪ್ಲಾಸ್ಟಿಕ್ ಮೇಲೆ ತಿರುಗುವ ಕ್ಯಾಮ್ ಅಷ್ಟು ಬಿಗಿ ಹಿಡಿಯುವುದಿಲ್ಲ, ಎದ್ದು ತುಳಿದಾಗ ಬಲಗಡೆ ಆಕ್ಸೆಲ್ ಮುಂದಕ್ಕೆ ಜಾರಿ ಟೈರ್ ಚೈನ್‌ಸ್ಟೇಗೆ ಉಜ್ಜುತ್ತದೆ. ನಾನು ಬಿಟ್ಟಿದ್ದಕ್ಕೆ ಮಂಡಿಯಷ್ಟೇ ಇದೂ ಕಾರಣ, ಈಗ ಹೇಳಿಬಿಡುತ್ತೇನೆ.

ಕೆಸರುಗಾಲು:

ಏಳು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಸೈಕಲ್ ಓಡುತ್ತಿದೆ.

ಎರಡು ವಾರ 32:18ರಲ್ಲಿ ಓಡಿಸಿ ನೋಡಿದೆ. ಅದೇ ಉಳಿಸಿಕೊಂಡೆ. ಹ್ಯಾಂಗರ್ ನೇರ ಮಾಡಿಸಿದೆ. ಮೇಲಕ್ಕೆ ಒತ್ತುವ ಸ್ಪ್ರಿಂಗ್ ಟೆನ್ಷನರ್, 430ರ ಸ್ಟೀಲ್ ಫೋರ್ಕ್, ಮುಂದೆ 2.35 ಟೈರ್. ಕ್ಯಾಸೆಟ್ ಪಿನ್ ಉಜ್ಜುವುದು ಅಂದುಕೊಂಡಷ್ಟು ಸುಲಭ ಇರಲಿಲ್ಲ, ಒಂದು ಸಂಜೆ ಪೂರ್ತಿ ಹೋಯಿತು. ಚೈನ್‌ಲೈನ್ ಮೊದಲ ಸಲ 4 ಮಿ.ಮೀ. ತಪ್ಪಿತ್ತು. ಸೀಟ್ ಟ್ಯೂಬಿನ ಅರ್ಧದ ಬದಲು ಪೂರ್ತಿ ದಪ್ಪ ಸೇರಿಸಿ, ಮೇಲಿಂದ ಕಳೆಯುವುದರಲ್ಲೂ ತಪ್ಪಿದ್ದೆ. ಎರಡು ತಪ್ಪು ಒಂದನ್ನೊಂದು ಸ್ವಲ್ಪ ಕಾಪಾಡಿದವು.

ಕಿತ್ತ ಸಾಮಾನನ್ನೆಲ್ಲ ಒಂದು ಡಬ್ಬಕ್ಕೆ ಹಾಕಿ ತೂಗಿದೆ. ಫೋರ್ಕ್ ಬಿಟ್ಟು ಒಂದೂವರೆ ಕೆ.ಜಿ. ಮೊನ್ನೆ ಮಳೆಯಲ್ಲಿ ಮೂರು ಗಂಟೆ ಓಡಿಸಿದೆ. ಚೈನ್ ಒಮ್ಮೆಯೂ ಹಾರಲಿಲ್ಲ. ಕಲ್ಲಿನ ಇಳಿಜಾರಿನಲ್ಲಿ ಮಣಿಕಟ್ಟು ನೋವು ಬಂತು, ಅದಕ್ಕೆ ಮೂರುಕಡ್ಡಿ ಅವರು ಹೇಳಿದ ಚಟವೇ ಕಾರಣ. ಎರಡು ಏರಿನಲ್ಲಿ ಇಳಿದು ತಳ್ಳಿದೆ.

ಒಂದೇ ತೊಂದರೆ: ಜೋರಾಗಿ ತುಳಿದಾಗ ಬಲಗಡೆಯಿಂದ ಕಿರ್ ಕಿರ್ ಅನ್ನುತ್ತದೆ. ಕೂತು ತುಳಿದರೂ ಅದೇ, ನಿಂತು ತುಳಿದರೂ ಅದೇ. ಮತ್ತೆ, ಏರು ಕಂಡ ಕೂಡಲೇ ಬಲಗೈ ಹೆಬ್ಬೆರಳು ಈಗಲೂ ಶಿಫ್ಟರ್ ಹುಡುಕುತ್ತದೆ. ಇದಕ್ಕೆ ಸ್ಪೇಸರ್ ಏನಾದರೂ ಸಿಗುತ್ತದಾ?

ನಟ್ಟುಬೋಲ್ಟು:

ಕಿರ್ ಕಿರ್‌ಗೆ ಮೊದಲು ಚೈನ್‌ರಿಂಗ್ ಬೋಲ್ಟ್ ನೋಡಿ. ಒಂದೊಂದಾಗಿ ಬಿಚ್ಚಿ, ಒರೆಸಿ, ದಾರಕ್ಕೆ ತುಸು ಗ್ರೀಸ್ ಹಚ್ಚಿ ಮತ್ತೆ ಬಿಗಿ ಮಾಡಿ. ಹೋಗದಿದ್ದರೆ ಪೆಡಲ್ ದಾರಕ್ಕೂ ಅದೇ ಮದ್ದು. ಅದಕ್ಕೂ ಹೋಗದಿದ್ದರೆ ಹಿಂದಿನ ಲಾಕ್‌ರಿಂಗ್, ಸಾಲು ಹೊಂದಿಕೊಂಡು ಸಡಿಲಾಗಿರಬಹುದು.

ಹೆಬ್ಬೆರಳಿಗೆ ಅಲ್ಲೊಂದು ಗಂಟೆ ಹಾಕಿ.